ಓಪಿಯಾಯ್ಡ್ ಔಷಧಿ ನಡೆಯುತ್ತಿರುವ ಮನೆಯಲ್ಲಿ ಸೋಂಕಿನ ಮೇಲೆ ಕಣ್ಣಿಡುವುದು ಹೇಗೆ

ನಮ್ಮ ದೊಡ್ಡಮ್ಮನಿಗೆ ನ್ಯುಮೋನಿಯಾ ಆದಾಗ ಜ್ವರವೇ ಕಾಣಲಿಲ್ಲ. ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫೀನ್ ನಡೆಯುತ್ತಿತ್ತು, ಜೊತೆಗೆ ದಿನಕ್ಕೆ ಮೂರು ಹೊತ್ತು ಪ್ಯಾರಸಿಟಮಾಲ್. ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ, ಹಗಲಲ್ಲೂ ಮಲಗಿಯೇ ಇರುತ್ತಿದ್ದರು. ಮಾತ್ರೆಯ ಮಂಪರು ಇರಬೇಕು ಅಂದುಕೊಂಡು ನಾವು ಸುಮ್ಮನಿದ್ದೆವು. ಹಣೆ ಮುಟ್ಟಿದರೆ ತಣ್ಣಗಿತ್ತು, ಕೆಮ್ಮೂ ಇರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನನ್ನನ್ನು ಎಂದೋ ತೀರಿಕೊಂಡ ತಂಗಿಯ ಹೆಸರಿನಿಂದ ಕರೆದಾಗ ಎದೆ ಧಸಕ್ಕೆಂದಿತು. ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರೆ ಬಲ ಶ್ವಾಸಕೋಶದ ಕೆಳಭಾಗ ಪೂರ್ತಿ ಬೆಳ್ಳಗಿತ್ತು.

ಅಲ್ಲಿನ ವೈದ್ಯೆ ನಮ್ಮನ್ನು ಬೈಯಲಿಲ್ಲ. ‘ಮಾರ್ಫೀನ್ ಕೊಟ್ಟಿದ್ದು ತಪ್ಪಲ್ಲ, ಅವರಿಗೆ ಅದು ಬೇಕೇ ಬೇಕು. ಆದರೆ ಇಂಥವರಿಗೆ ಸೋಂಕು ಬಂದರೆ ಸದ್ದು ಮಾಡುವುದಿಲ್ಲ, ನೀವೇ ಕಿವಿಗೊಟ್ಟು ಕೇಳಬೇಕು’ ಅಂದರು. ಆಮೇಲೆ ಎರಡು ವರ್ಷ ಅವರನ್ನು ನೋಡಿಕೊಳ್ಳುತ್ತಾ, ವೈದ್ಯರನ್ನು ಕೇಳುತ್ತಾ, ಓದುತ್ತಾ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಓಪಿಯಾಯ್ಡ್ ಅಂದರೆ ಅಫೀಮಿನ ಬಗೆಯ ನೋವಿನ ಔಷಧಿ. ಮಾರ್ಫೀನ್, ಕೋಡೀನ್, ಟ್ರಮಡಾಲ್, ಆಕ್ಸಿಕೋಡೋನ್, ಟಾಪೆಂಟಡಾಲ್, ಮೆಥಡೋನ್, ಚರ್ಮಕ್ಕೆ ಅಂಟಿಸುವ ಫೆಂಟಾನಿಲ್ ಪಟ್ಟಿ, ಬುಪ್ರಿನಾರ್ಫಿನ್, ಇವುಗಳಲ್ಲಿ ಯಾವುದಾದರೂ ಒಂದನ್ನು ಕೆಲವು ದಿನಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತಿರುವವರಿಗೆ ಮತ್ತು ಅವರ ಆರೈಕೆ ಮಾಡುವವರಿಗೆ ಇದು.

ಮುಂದೆ ಓದುವ ಮೊದಲು ಒಂದು ಮಾತು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಅರ್ಧಕ್ಕೆ ಇಳಿಸಲೂ ಬೇಡಿ. ತಡೆಯಲಾಗದ ನೋವು ಕೂಡ ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ನೋವಿನಿಂದ ನಿದ್ದೆ ಕೆಡುತ್ತದೆ, ಆಳವಾಗಿ ಉಸಿರೆಳೆಯಲು ಆಗುವುದಿಲ್ಲ, ಎದ್ದು ಓಡಾಡಲು ಆಗುವುದಿಲ್ಲ. ಶ್ವಾಸಕೋಶಕ್ಕೆ ಸೋಂಕು ಹತ್ತಲು ಅಷ್ಟೇ ಸಾಕು.

ಒಳಗೆ ಏನಾಗುತ್ತದೆ

ಅಫೀಮು ದೇಹದ ಕಾವಲನ್ನು ಸಡಿಲಿಸುತ್ತದೆ ಎಂಬುದು ಹೊಸ ಸುದ್ದಿಯಲ್ಲ. 1898ರಲ್ಲೇ ರುಮೇನಿಯಾದ ವಿಜ್ಞಾನಿ ಇಯೋನ್ ಕಂಟಕುಝಿನೊ ಗಿನಿ ಹಂದಿಗಳಿಗೆ ಅಫೀಮು ಕೊಟ್ಟು ನೋಡಿದ್ದರು. ರೋಗಾಣುಗಳನ್ನು ನುಂಗಬೇಕಾದ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ಓಡಿ ಬರಲಿಲ್ಲ, ಬಂದವೂ ಸರಿಯಾಗಿ ನುಂಗಲಿಲ್ಲ. ಅದೇ 1898ರಲ್ಲಿ ಬೇಯರ್ ಕಂಪನಿ ಹೆರಾಯಿನ್ ಅನ್ನು ಕೆಮ್ಮಿನ ಔಷಧಿಯೆಂದು ಮಾರಾಟಕ್ಕೆ ಬಿಟ್ಟಿತು. ಈ ಎರಡು ಸಂಗತಿಗಳೂ ಒಂದೇ ವರ್ಷ ನಡೆದವು ಎಂದು ತಿಳಿದಾಗ ನನಗೆ ಸಂಕಟವಾಯಿತು.

ಕಾರಣ ತಿಳಿಯಲು ಬಹಳ ಕಾಲ ಹಿಡಿಯಿತು. ಮಾರ್ಫೀನ್ ಬಂದು ಕೂರುವ ಜಾಗಗಳು, ಅಂದರೆ ಓಪಿಯಾಯ್ಡ್ ರಿಸೆಪ್ಟರ್‌ಗಳು, ಮೆದುಳಿನಲ್ಲಿ ಇವೆ ಎಂದು ಖಚಿತವಾಗಿದ್ದು 1973ರಲ್ಲಿ. ಮನುಷ್ಯರ ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೂ ಮಾರ್ಫೀನಿಗೆ ಸ್ಪಂದಿಸುತ್ತವೆ ಎಂದು 1979ರಲ್ಲಿ ವರದಿಯಾಯಿತು. ನೋವು ತಣಿಸಲೆಂದು ಕೊಟ್ಟ ಔಷಧಿ ನೋವಿನ ನರಗಳಿಗಷ್ಟೇ ಹೋಗಿ ಸುಮ್ಮನಾಗುವುದಿಲ್ಲ, ರೋಗದ ವಿರುದ್ಧ ಹೋರಾಡುವ ಕಣಗಳ ಮೇಲೂ ಕೂರುತ್ತದೆ ಎಂದಾಯಿತು. ಮ್ಯೂ ಎಂಬ ಬಗೆಯ ಓಪಿಯಾಯ್ಡ್ ರಿಸೆಪ್ಟರ್ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಮಾರ್ಫೀನ್ ಕೊಟ್ಟರೆ ನೋವೂ ಕಡಿಮೆಯಾಗುವುದಿಲ್ಲ, ರೋಗನಿರೋಧಕ ಶಕ್ತಿಯೂ ಕುಗ್ಗುವುದಿಲ್ಲ ಎಂದು 1998ರಲ್ಲಿ ಗೊತ್ತಾಯಿತು. ನೋವು ಇಳಿಸುವ ಜಾಗ, ಕಾವಲು ಸಡಿಲಿಸುವ ಜಾಗ ಎರಡೂ ಒಂದೇ. ಹಾಗಾಗಿಯೇ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಕಷ್ಟ.

ಔಷಧಿ ಮೂರು ದಾರಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ನೇರ ದಾರಿ. ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳು ಮಂಕಾಗುತ್ತವೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಸೋಂಕಿನತ್ತ ಧಾವಿಸುವ ವೇಗ ತಗ್ಗುತ್ತದೆ, ಒಂದು ಕಣ ಇನ್ನೊಂದನ್ನು ಕರೆಯಲು ಕಳಿಸುವ ರಾಸಾಯನಿಕ ಸಂದೇಶಗಳು ಕಡಿಮೆಯಾಗುತ್ತವೆ. ಎರಡನೆಯದು ಮೆದುಳಿನ ಮೂಲಕ. ಮೆದುಳಿನ ನಡುಭಾಗದ ಒಂದು ನಿರ್ದಿಷ್ಟ ಜಾಗಕ್ಕಷ್ಟೇ ಮಾರ್ಫೀನ್ ಹಾಕಿದರೂ ರಕ್ತದಲ್ಲಿರುವ ಎನ್‌ಕೆ ಕಣಗಳ ಚಟುವಟಿಕೆ ಇಳಿಯುತ್ತದೆ ಎಂದು ಇಲಿಗಳಲ್ಲಿ ಕಂಡಿದ್ದಾರೆ. ವೈರಸ್ ಹೊಕ್ಕ ಕಣಗಳನ್ನೂ ಕ್ಯಾನ್ಸರ್ ಕಣಗಳನ್ನೂ ಕೊಲ್ಲುವುದು ಈ ಎನ್‌ಕೆ ಕಣಗಳ ಕೆಲಸ.

ಮೂರನೆಯದು ಕರುಳು. ಜನರಿಗೆ ಇದರ ಅರಿವು ಬಹಳ ಕಡಿಮೆ. ಓಪಿಯಾಯ್ಡ್ ತೆಗೆದುಕೊಂಡವರಿಗೆ ಮಲಬದ್ಧತೆ ಆಗುತ್ತದೆಂದು ಎಲ್ಲರಿಗೂ ಗೊತ್ತು. ಕರುಳಿನ ಚಲನೆ ನಿಧಾನವಾದಾಗ ಅಲ್ಲಿರುವ ಬ್ಯಾಕ್ಟೀರಿಯಾಗಳ ಲೆಕ್ಕಾಚಾರವೂ ಏರುಪೇರಾಗುತ್ತದೆ. ಕರುಳಿನ ಗೋಡೆಯ ಕಣಗಳ ನಡುವಿನ ಬಿಗಿ ಸಡಿಲವಾಗಿ ಬ್ಯಾಕ್ಟೀರಿಯಾಗಳು ಆಚೆಗೆ ನುಸುಳುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ನೋಡಿದ್ದಾರೆ.

ಇದೆಲ್ಲ ಪ್ರಯೋಗಶಾಲೆಯ ಮಾತಾಯಿತು, ಮನುಷ್ಯರಲ್ಲಿ ಏನು ಕಂಡಿದೆ? ಅಮೆರಿಕದ ಟೆನೆಸಿ ರಾಜ್ಯದಲ್ಲಿ 1995ರಿಂದ 2014ರವರೆಗಿನ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ತೀವ್ರ ಸೋಂಕಿಗೆ ಒಳಗಾದ 1,233 ಜನರನ್ನು ಆ ಸೋಂಕಿಲ್ಲದ 24,399 ಜನರ ಜೊತೆ ಹೋಲಿಸಿದಾಗ, ಓಪಿಯಾಯ್ಡ್ ತೆಗೆದುಕೊಳ್ಳುತ್ತಿದ್ದವರಲ್ಲಿ ಆ ಸೋಂಕಿನ ಸಂಭವ ಸುಮಾರು 1.6 ಪಟ್ಟು ಇತ್ತು. ಹೆಚ್ಚು ಹೊತ್ತು ಕೆಲಸ ಮಾಡುವ ಬಗೆಯವು ಮತ್ತು ಹೆಚ್ಚು ಪ್ರಬಲವಾದವುಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 65 ದಾಟಿದವರ ನ್ಯುಮೋನಿಯಾ ಕುರಿತದ್ದು. ಅದರಲ್ಲಿ ಒಟ್ಟಾರೆ 1.4 ಪಟ್ಟಿನ ಆಸುಪಾಸು ಇದ್ದ ಅಪಾಯ, ಔಷಧಿ ಶುರುಮಾಡಿದ ಮೊದಲ 14 ದಿನಗಳಲ್ಲಿ 3 ಪಟ್ಟು ದಾಟಿತ್ತು.

ಇಂಥ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ಓಪಿಯಾಯ್ಡ್ ಕೆಮ್ಮನ್ನು ಅಡಗಿಸುತ್ತದೆ, ಉಸಿರಾಟವನ್ನು ನಿಧಾನ ಮಾಡುತ್ತದೆ, ಮಂಪರಿನಲ್ಲಿ ಎಂಜಲು ಅಥವಾ ಆಹಾರ ಶ್ವಾಸನಾಳಕ್ಕೆ ಇಳಿಯಬಹುದು. ನ್ಯುಮೋನಿಯಾದಲ್ಲಿ ಇವೆಲ್ಲದರ ಪಾಲೂ ಇರುತ್ತದೆ. ಆರೈಕೆ ಮಾಡುವವರಿಗೆ ಆ ಪಾಲು ಬಿಡಿಸಿ ನೋಡುವ ಅಗತ್ಯವಿಲ್ಲ. ಅಪಾಯ ಇದೆ, ಮೊದಲ ಎರಡು ವಾರ ಹೆಚ್ಚು ಇದೆ ಎಂಬುದಷ್ಟನ್ನು ಇಟ್ಟುಕೊಂಡು ಕೆಲಸ ಶುರುಮಾಡಬಹುದು.

ಮೊದಲ ಹೆಜ್ಜೆ: ಮಾತ್ರೆಯ ಹಾಳೆ ತಿರುಗಿಸಿ ಓದಿ

ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದು ಮೇಜಿನ ಮೇಲೆ ಹರವಿ. ಕೆಮ್ಮಿನ ಸಿರಪ್, ಚರ್ಮಕ್ಕೆ ಅಂಟಿಸುವ ಪಟ್ಟಿ, ಹಲ್ಲು ಕೀಳಿಸಿದಾಗ ಬರೆದುಕೊಟ್ಟು ಉಳಿದ ಮಾತ್ರೆ, ಎಲ್ಲವೂ ಇರಲಿ. ಮುಂದೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರನ್ನು ಬರೆದುಕೊಳ್ಳಿ. ಟ್ರಮಡಾಲ್ ಮತ್ತು ಕೋಡೀನ್ ಕೂಡ ಓಪಿಯಾಯ್ಡ್‌ಗಳೇ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಎರಡನೆಯದಾಗಿ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಎಲ್ಲೆಲ್ಲಿ ಅಡಗಿದೆ ನೋಡಿ. ಟ್ರಮಡಾಲ್, ಕೋಡೀನ್ ಮಾತ್ರೆಗಳು ಬಹಳ ಸಲ ಪ್ಯಾರಸಿಟಮಾಲ್ ಸೇರಿಸಿಯೇ ಬರುತ್ತವೆ. ಇವು ಜ್ವರವನ್ನು ಮುಚ್ಚಿಬಿಡುತ್ತವೆ. ದಿನವಿಡೀ ಪ್ಯಾರಸಿಟಮಾಲ್ ನಡೆಯುತ್ತಿದ್ದರೆ ಜ್ವರ ಇಲ್ಲ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ನಾವು ದೊಡ್ಡಮ್ಮನ ಹಣೆ ಮುಟ್ಟಿ ಮೋಸ ಹೋದದ್ದು ಇಲ್ಲೇ. ಎರಡು ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇದ್ದರೆ ಕೂಡಿಸಿ ನೋಡಿ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ತೂಕ ಕಡಿಮೆ ಇರುವವರಿಗೆ ಮತ್ತು ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ.

ಎರಡನೇ ಹೆಜ್ಜೆ: ದಿನದ ಒಟ್ಟು ಪ್ರಮಾಣ ಲೆಕ್ಕ ಹಾಕಿ

ಬೇರೆ ಬೇರೆ ಓಪಿಯಾಯ್ಡ್‌ಗಳ ಬಲ ಒಂದೇ ಅಲ್ಲ. ಎಲ್ಲವನ್ನೂ ಮಾರ್ಫೀನಿನ ಅಳತೆಗೆ ತಂದು ಹೋಲಿಸುವ ರೂಢಿಯಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರಲ್ಲಿ ಕೊಟ್ಟ ಗುಣಕಗಳು ಹೀಗಿವೆ: ಕೋಡೀನ್ 0.15, ಟ್ರಮಡಾಲ್ 0.2, ಟಾಪೆಂಟಡಾಲ್ 0.4, ಆಕ್ಸಿಕೋಡೋನ್ 1.5. ದಿನಕ್ಕೆ ಎಷ್ಟು ಮಿಲಿಗ್ರಾಂ ಎಂಬುದನ್ನು ಇದರಿಂದ ಗುಣಿಸಬೇಕು. ಫೆಂಟಾನಿಲ್ ಪಟ್ಟಿಯಾದರೆ ಅದರ ಮೇಲೆ ಬರೆದಿರುವ ಗಂಟೆಗೆ ಇಷ್ಟು ಮೈಕ್ರೊಗ್ರಾಂ ಎಂಬ ಸಂಖ್ಯೆಯನ್ನು 2.4ರಿಂದ ಗುಣಿಸಿ.

50 ಮಿಲಿಗ್ರಾಮಿನ ಟ್ರಮಡಾಲ್ ದಿನಕ್ಕೆ ನಾಲ್ಕು ಅಂದರೆ 200 ಮಿಲಿಗ್ರಾಂ. ಅದನ್ನು 0.2ರಿಂದ ಗುಣಿಸಿದರೆ 40 ಮಿಲಿಗ್ರಾಂ ಮಾರ್ಫೀನಿಗೆ ಸಮ. 25ರ ಫೆಂಟಾನಿಲ್ ಪಟ್ಟಿ ಒಂದೇ 60ಕ್ಕೆ ಸಮ. ನಮ್ಮ ದೊಡ್ಡಮ್ಮನದು 10 ಮಿಲಿಗ್ರಾಂ ಮಾರ್ಫೀನ್ ದಿನಕ್ಕೆ ಆರು ಸಲ, ಅದೂ 60. ದಿನದ ಲೆಕ್ಕ 50 ತಲುಪಿದರೆ ಲಾಭಕ್ಕಿಂತ ಅಪಾಯ ಹೆಚ್ಚುತ್ತಿದೆಯೇ ಎಂದು ವೈದ್ಯರು ಮತ್ತೊಮ್ಮೆ ತೂಗಿ ನೋಡಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ಕ್ಯಾನ್ಸರಿನ ನೋವಿಗೂ ಕೊನೆಗಾಲದ ಆರೈಕೆಗೂ ಆ ಸಲಹೆ ಅನ್ವಯಿಸುವುದಿಲ್ಲ.

ಈ ಲೆಕ್ಕ ನಿಮ್ಮ ತಿಳಿವಳಿಕೆಗೆ ಮಾತ್ರ. ಇದನ್ನು ಹಿಡಿದುಕೊಂಡು ಒಂದು ಓಪಿಯಾಯ್ಡ್ ಬಿಟ್ಟು ಇನ್ನೊಂದಕ್ಕೆ ಮನೆಯಲ್ಲೇ ಬದಲಾಯಿಸಿದರೆ ಪ್ರಾಣಕ್ಕೆ ಅಪಾಯ.

ಮೂರನೇ ಹೆಜ್ಜೆ: ಬೇರೆ ಯಾವ ಹೊರೆ ಇದೆ ನೋಡಿ

65 ದಾಟಿದ ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹಳೆಯ ಶ್ವಾಸಕೋಶದ ಕಾಯಿಲೆ, ಸ್ಟೀರಾಯ್ಡ್, ಕೀಮೊಥೆರಪಿ, ಎಚ್‌ಐವಿ, ಗುಲ್ಮ ತೆಗೆದಿರುವುದು, ಅಂಗ ಕಸಿಯ ನಂತರದ ಔಷಧಿಗಳು. ಇವುಗಳಲ್ಲಿ ಒಂದಿದ್ದರೂ ಮುಂದಿನ ಹೆಜ್ಜೆಗಳನ್ನು ಬಿಗಿಯಾಗಿ ಪಾಲಿಸಿ. ನಿದ್ದೆ ಮಾತ್ರೆ, ನರದ ನೋವಿಗೆ ಕೊಡುವ ಗಾಬಾಪೆಂಟಿನ್, ಪ್ರಿಗಾಬಾಲಿನ್ ಅಥವಾ ಮದ್ಯ ಜೊತೆಗಿದ್ದರೆ ಮಂಪರು ಮತ್ತು ಉಸಿರಾಟದ ಅಪಾಯ ಇನ್ನೂ ಏರುತ್ತದೆ. ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ.

ನಾಲ್ಕನೇ ಹೆಜ್ಜೆ: ವೈದ್ಯರ ಹತ್ತಿರ ಮೂರು ಪ್ರಶ್ನೆ

‘ಇದರ ಬದಲು ಅಥವಾ ಇದರ ಜೊತೆ ಬೇರೆ ಏನಾದರೂ ಕೊಟ್ಟು ಓಪಿಯಾಯ್ಡ್ ಪ್ರಮಾಣ ಇಳಿಸಬಹುದೇ?’ ಇದು ಮೊದಲ ಪ್ರಶ್ನೆ. ನರದ ನೋವಿಗೆ ಡುಲಾಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಇದೆ, ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವಿಗೆ ರೇಡಿಯೇಷನ್ ಇದೆ, ಶಸ್ತ್ರಚಿಕಿತ್ಸೆಯ ನೋವಿಗೆ ನರಕ್ಕೆ ಕೊಡುವ ಅರಿವಳಿಕೆ ಇದೆ, ಬೆನ್ನು ಮಂಡಿಗೆ ಫಿಸಿಯೋಥೆರಪಿ ಇದೆ. ಹೇಳಿದ್ದೆಲ್ಲವೂ ಎಲ್ಲರಿಗೂ ಒಗ್ಗುವುದಿಲ್ಲ. ಕೇಳದಿದ್ದರೆ ಮಾತ್ರ ಮಾತೇ ಬರುವುದಿಲ್ಲ.

ಎರಡನೆಯದು, ‘ಓಪಿಯಾಯ್ಡ್‌ಗಳಲ್ಲೇ ರೋಗನಿರೋಧಕ ಶಕ್ತಿಗೆ ಕಡಿಮೆ ಪೆಟ್ಟು ಕೊಡುವುದು ನಮಗೆ ಆಗುತ್ತದೆಯೇ?’ ಪ್ರಯೋಗಗಳಲ್ಲಿ ಮಾರ್ಫೀನ್ ಮತ್ತು ಫೆಂಟಾನಿಲ್ ಕಾವಲನ್ನು ಹೆಚ್ಚು ಕುಗ್ಗಿಸಿವೆ. ಬುಪ್ರಿನಾರ್ಫಿನ್, ಟ್ರಮಡಾಲ್, ಹೈಡ್ರೊಮಾರ್ಫೋನ್, ಆಕ್ಸಿಕೋಡೋನ್ ಕಡಿಮೆ ಕುಗ್ಗಿಸಿವೆ. ಶಸ್ತ್ರಚಿಕಿತ್ಸೆಯಾದವರಿಗೆ ಟ್ರಮಡಾಲ್ ಕೊಟ್ಟಾಗ ಎನ್‌ಕೆ ಕಣಗಳ ಚಟುವಟಿಕೆ ತಗ್ಗಲಿಲ್ಲ ಎಂಬ ವರದಿಯೂ ಇದೆ. ಆದರೆ ಈ ಪಟ್ಟಿಯ ಬಹುಭಾಗ ನಿಂತಿರುವುದು ಇಲಿಗಳ ಮೇಲೆ, ಕಣಗಳ ಮೇಲೆ ನಡೆದ ಕೆಲಸದ ಮೇಲೆ. ಇದೊಂದನ್ನೇ ನಂಬಿ ಹಿಡಿತಕ್ಕೆ ಬಂದಿರುವ ನೋವನ್ನು ಕೆದಕುವುದು ನನಗೆ ಸರಿ ಕಾಣುವುದಿಲ್ಲ. ಹೊಸದಾಗಿ ಔಷಧಿ ಶುರುಮಾಡುವಾಗ, ಅದರಲ್ಲೂ ಅಂಗ ಕಸಿಯಾದವರಿಗೆ ಅಥವಾ ಪದೇ ಪದೇ ಸೋಂಕು ತಗುಲುವವರಿಗೆ, ಕೇಳಲೇಬೇಕಾದ ಪ್ರಶ್ನೆ.

ಮೂರನೆಯದು ತೀರಾ ಸರಳ: ‘ಎಷ್ಟು ದಿನಕ್ಕೆ?’ ಹಲ್ಲಿನ ನೋವಿಗೋ ಮೂಳೆ ಮುರಿತಕ್ಕೋ ಶುರುವಾದ ಮಾತ್ರೆ ಯಾರೂ ನಿಲ್ಲಿಸಿ ಅನ್ನಲಿಲ್ಲವೆಂಬ ಒಂದೇ ಕಾರಣಕ್ಕೆ ತಿಂಗಳುಗಟ್ಟಲೆ ನಡೆದುಬಿಡುತ್ತದೆ.

ಐದನೇ ಹೆಜ್ಜೆ: ಲಸಿಕೆ

ನ್ಯುಮೋಕಾಕಸ್ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಕೋವಿಡ್ ಲಸಿಕೆ. ಓಪಿಯಾಯ್ಡ್ ನಡೆಯುತ್ತಿದೆ ಎಂಬ ಕಾರಣಕ್ಕೆ ಇವು ಯಾವುದಕ್ಕೂ ಅಡ್ಡಿಯಿಲ್ಲ. ಕೀಮೊಥೆರಪಿ ಇದ್ದರೆ ಯಾವಾಗ ಹಾಕಿಸಬೇಕೆಂದು ಕೇಳಿ. ಆರೈಕೆ ಮಾಡುವವರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ಯಾಕೆಂದರೆ ಮಲಗಿರುವವರಿಗೆ ವೈರಸ್ ತಂದುಕೊಡುವವರು ನಾವೇ.

ಆರನೇ ಹೆಜ್ಜೆ: ಒಂದು ನೋಟ್‌ಬುಕ್ ಇಡಿ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು, ದಿನಕ್ಕೆ ಐದು ನಿಮಿಷ ಸಾಕು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಒಂದೊಂದು ಸಾಲು. ಹೊತ್ತು, ಜ್ವರ, ಉಸಿರು, ಎಚ್ಚರ, ಊಟ, ಮೂತ್ರ, ಮಲ. ಮೊದಲ ವಾರ ಎಲ್ಲ ಸರಿಯಿದ್ದಾಗಲೇ ಬರೆದಿಡಬೇಕು. ಮಾಮೂಲಿ ಯಾವುದೆಂದು ಗೊತ್ತಿದ್ದರೆ ತಾನೇ ಬದಲಾವಣೆ ಕಣ್ಣಿಗೆ ಬೀಳುವುದು.

ಜ್ವರವನ್ನು ಮಾತ್ರೆ ಕೊಡುವ ಮುಂಚೆ ನೋಡಿ, ಕೊಟ್ಟ ಮೇಲೆ ಅಲ್ಲ. ಪ್ಯಾರಸಿಟಮಾಲಿನ ಪ್ರಭಾವ ಇಳಿದಿರುವ ಹೊತ್ತೆಂದರೆ ಅದೇ. ಕೈಯಲ್ಲಿ ಮುಟ್ಟಿ ನೋಡುವುದು ಬೇಡ, ಥರ್ಮಾಮೀಟರ್ ಇರಲಿ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಫೋನ್ ಮಾಡುವ ಹೊತ್ತು. ವಯಸ್ಸಾದವರಲ್ಲಿ ಅಷ್ಟಕ್ಕೂ ಕಾಯಬೇಡಿ. ನೋಟ್‌ಬುಕ್ಕಿನಲ್ಲಿ ದಿನವೂ 36.2 ಇದ್ದವರಿಗೆ ಇವತ್ತು 37.5 ಬಂದರೆ ಅದು ಸುದ್ದಿಯೇ. 36ಕ್ಕಿಂತ ಕೆಳಗಿಳಿದು ಮೈ ತಣ್ಣಗಾಗಿ ಬೆವರಿದರೂ ಅಷ್ಟೇ ಗಂಭೀರ.

ಉಸಿರನ್ನು ಅವರಿಗೆ ಹೇಳದೆ ಎಣಿಸಿ. ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರೇ ಆಗಲಿ ಉಸಿರಾಟ ಬದಲಿಸುತ್ತಾರೆ. ಹೊದಿಕೆಯ ಮೇಲೆ ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಿಗೆ 12ರಿಂದ 20 ಮಾಮೂಲಿ. 22 ದಾಟಿದರೆ ಸೋಂಕಿನ ಸೂಚನೆ ಇರಬಹುದು. 10ಕ್ಕಿಂತ ಕಡಿಮೆಯಾದರೆ ಔಷಧಿ ಹೆಚ್ಚಾಗಿರಬಹುದು. ಇಲ್ಲೊಂದು ಮೋಸವಿದೆ, ಗಮನವಿಡಿ. ನ್ಯುಮೋನಿಯಾ ಉಸಿರನ್ನು ಜೋರು ಮಾಡಲು ನೋಡುತ್ತದೆ, ಓಪಿಯಾಯ್ಡ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ 14 ಇದ್ದವರು 19 ಆದರೆ, ಸಂಖ್ಯೆ ಮಾಮೂಲಿಯ ಒಳಗೇ ಇದ್ದರೂ, ಅನುಮಾನ ಪಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಅದರ ಸಂಖ್ಯೆಯನ್ನೂ ಬರೆಯಿರಿ.

ಎಚ್ಚರದ ಕಾಲಮ್ಮಿನಲ್ಲಿ ನಾನು ಒಂದೇ ಪ್ರಶ್ನೆ ಕೇಳಿ ಬರೆಯುತ್ತಿದ್ದೆ: ‘ನಿನ್ನೆ ರಾತ್ರಿ ಏನು ಊಟ ಮಾಡಿದಿರಿ?’ ಸರಿ ಹೇಳಿದರೆ ಒಂದು ಟಿಕ್. ತಡವರಿಸಿದರೆ ಅಡ್ಡಗೆರೆ. ಔಷಧಿಯ ಮಂಪರು ಸಾಮಾನ್ಯವಾಗಿ ಶುರುಮಾಡಿದಾಗ ಅಥವಾ ಪ್ರಮಾಣ ಏರಿಸಿದಾಗ ಬಂದು ಕೆಲವು ದಿನಗಳಲ್ಲಿ ಇಳಿಯುತ್ತದೆ. ವಾರಗಟ್ಟಲೆ ಒಂದೇ ಪ್ರಮಾಣದಲ್ಲಿ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ ಮಾತ್ರೆಯ ಮೇಲೆ ಹೊರಿಸಿ ಸುಮ್ಮನಾಗಬೇಡಿ. ಸೋಂಕಾಗಿರಬಹುದು, ಮೂತ್ರಪಿಂಡ ಸೋತು ಔಷಧಿ ಮೈಯಲ್ಲಿ ಶೇಖರವಾಗುತ್ತಿರಬಹುದು. ಎರಡೂ ಇವತ್ತೇ ನೋಡಬೇಕಾದವು.

ನೋವಿನ ವಿಷಯವೂ ಹಾಗೆಯೇ. ಹೊಟ್ಟೆಯೊಳಗಿನ ಸೋಂಕಿನ ನೋವನ್ನು, ಮೂತ್ರದ ಉರಿಯನ್ನು, ಗಾಯ ಕೀವಾಗುವ ನೋವನ್ನು ಓಪಿಯಾಯ್ಡ್ ಮಂಕು ಮಾಡುತ್ತದೆ. ಸ್ನಾನ ಮಾಡಿಸುವಾಗ ಬೆನ್ನು, ಹಿಮ್ಮಡಿ, ಸೊಂಟದ ಕೆಳಗೆ ಚರ್ಮ ಕೆಂಪಾಗಿದೆಯೇ, ಬಿಸಿಯಾಗಿದೆಯೇ ನೋಡಿ. ಅವರು ನೋವು ಅನ್ನುವವರೆಗೆ ಕಾಯಬೇಡಿ.

ಏಳನೇ ಹೆಜ್ಜೆ: ಶ್ವಾಸಕೋಶ, ಬಾಯಿ, ಕರುಳು

ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಆಳವಾದ ಉಸಿರು, ಆಮೇಲೆ ಬೇಕೆಂದೇ ಒಂದೆರಡು ಕೆಮ್ಮು. ಮದ್ದಿನಿಂದ ಕೆಮ್ಮು ತಾನಾಗಿ ಬರುವುದಿಲ್ಲ, ತರಿಸಬೇಕು. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಮಂಪರಿನಲ್ಲಿರುವವರ ಬಾಯಿಗೆ ಆಹಾರ ಹಾಕಬೇಡಿ. ಹಲ್ಲನ್ನು ಎರಡು ಹೊತ್ತೂ ಉಜ್ಜಿಸಿ, ಬಾಯಿಯ ಬ್ಯಾಕ್ಟೀರಿಯಾಗಳೇ ಶ್ವಾಸಕೋಶಕ್ಕೆ ಇಳಿಯುವುದು.

ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಬೇಕು. ಮಂಪರಿಗೆ, ವಾಕರಿಕೆಗೆ ದೇಹ ಒಗ್ಗಿಕೊಳ್ಳುತ್ತದೆ, ಮಲಬದ್ಧತೆಗೆ ಒಗ್ಗಿಕೊಳ್ಳುವುದಿಲ್ಲ. ಮೂರು ದಿನ ಮಲ ಹೋಗದಿದ್ದರೆ ಹೇಳಿ. ಇಸಬಗೋಲಿನಂಥ ನಾರಿನ ಪುಡಿಯನ್ನು ನೀರು ಸರಿಯಾಗಿ ಕುಡಿಯದವರಿಗೆ ನೀವಾಗಿ ಕೊಡಬೇಡಿ, ನಿಧಾನವಾದ ಕರುಳಿನಲ್ಲಿ ಅದು ಕಟ್ಟಿಕೊಳ್ಳಬಹುದು.

ಎಂಟನೇ ಹೆಜ್ಜೆ: ಜ್ವರ ಬಂದೇಬಿಟ್ಟರೆ

ಮೊದಲು ಮೈಮೇಲೆ ಫೆಂಟಾನಿಲ್ ಪಟ್ಟಿ ಇದೆಯೇ ನೋಡಿ. ಮೈ ಬಿಸಿಯಾದಂತೆ ಪಟ್ಟಿಯಿಂದ ಹೆಚ್ಚು ಔಷಧಿ ರಕ್ತಕ್ಕೆ ಇಳಿಯುತ್ತದೆ. ಮೈಯ ಬಿಸಿ 40 ಡಿಗ್ರಿಗೆ ಏರಿದರೆ ರಕ್ತದಲ್ಲಿನ ಫೆಂಟಾನಿಲ್ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಬಹುದೆಂದು ಔಷಧಿಯ ಜೊತೆ ಬರುವ ಕಾಗದದಲ್ಲೇ ಇರುತ್ತದೆ. ಆದ್ದರಿಂದ ಪಟ್ಟಿಯ ಮೇಲೆ ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಯಾವತ್ತೂ ಬೇಡ. ಜ್ವರ ಬಂದಾಗ ಉಸಿರಿನ ಎಣಿಕೆಯನ್ನು ಗಂಟೆಗೊಮ್ಮೆ ಮಾಡಿ. ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ನಿಧಾನ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿದೆ ಅಂದರೆ ತುರ್ತು ಸೇವೆಗೆ ಕರೆ ಮಾಡಿ, ಪಟ್ಟಿ ಕಿತ್ತು ತೆಗೆಯಿರಿ, ಓಪಿಯಾಯ್ಡ್ ಪ್ರಭಾವವನ್ನು ತಡೆಯುವ ನಲಾಕ್ಸೋನ್ ಔಷಧಿ ಇದ್ದರೆ ಕೊಡಿ. ಪಟ್ಟಿ ತೆಗೆದ ಮೇಲೂ ಚರ್ಮದೊಳಗೆ ಉಳಿದ ಔಷಧಿ ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ನಲಾಕ್ಸೋನಿನ ಪ್ರಭಾವ ಅದಕ್ಕಿಂತ ಬೇಗ ಮುಗಿಯುತ್ತದೆ. ಎಚ್ಚರವಾದರು ಎಂದು ಮನೆಯಲ್ಲೇ ಉಳಿಯಬೇಡಿ.

ಆಂಟಿಬಯೋಟಿಕ್ ಬರೆಸುವಾಗ ಓಪಿಯಾಯ್ಡ್ ಹೆಸರು ಹೇಳಿ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಮತ್ತು ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್, ಇವು ಫೆಂಟಾನಿಲ್, ಆಕ್ಸಿಕೋಡೋನ್, ಮೆಥಡೋನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಅದು ಮೆಥಡೋನ್ ಮತ್ತು ಆಕ್ಸಿಕೋಡೋನ್ ಅನ್ನು ಇಳಿಸಿಬಿಡುತ್ತದೆ, ನೋವು ಮರುಕಳಿಸಬಹುದು. ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್ ಮತ್ತು ಟ್ರಮಡಾಲ್ ಒಟ್ಟಿಗೆ ಸೇರಬಾರದು. ನೆನಪಿಟ್ಟುಕೊಳ್ಳಲು ಆಗದಿದ್ದರೆ ಮೊದಲ ಹೆಜ್ಜೆಯಲ್ಲಿ ಬರೆದ ಪಟ್ಟಿಯನ್ನೇ ತೋರಿಸಿ.

ವಾಂತಿ ಭೇದಿಯಾಗಿ ನೀರು ಕಡಿಮೆಯಾದರೆ ಮೂತ್ರಪಿಂಡ ನಿಧಾನವಾಗುತ್ತದೆ, ಮಾರ್ಫೀನಿನ ಉಳಿಕೆ ಪದಾರ್ಥಗಳು ಶೇಖರವಾಗುತ್ತವೆ. ಮೈ ಅದುರುವುದು, ಇಲ್ಲದ್ದು ಕಾಣುವುದು, ಮೂತ್ರ ತೀರಾ ಕಡಿಮೆಯಾಗುವುದು ಕಂಡರೆ ಮುಂದಿನ ಮಾತ್ರೆಗೆ ಮುಂಚೆ ವೈದ್ಯರನ್ನು ಕೇಳಿ. ಬಹುಕಾಲ ಓಪಿಯಾಯ್ಡ್ ತೆಗೆದುಕೊಂಡವರಲ್ಲಿ ಕೆಲವರಿಗೆ ಕಾರ್ಟಿಸಾಲ್ ಹಾರ್ಮೋನ್ ಕುಸಿದಿರುತ್ತದೆ. ಸೋಂಕಿನ ಸಮಯದಲ್ಲಿ ದೇಹಕ್ಕೆ ಬೇಕಾದ ಹಾರ್ಮೋನ್ ಅದು. ಎದ್ದರೆ ತಲೆಸುತ್ತು, ನಿಲ್ಲದ ವಾಕರಿಕೆ, ಬಿಪಿ ಕಡಿಮೆ, ವಿಪರೀತ ಸುಸ್ತು ಇದ್ದರೆ ‘ಕಾರ್ಟಿಸಾಲ್ ನೋಡಬೇಕೇ?’ ಎಂದು ಕೇಳಿ.

ಒಂಬತ್ತನೇ ಹೆಜ್ಜೆ: ಇಳಿಸುವುದಾದರೆ ನಿಧಾನ

ನೋವು ಕಡಿಮೆಯಾಗಿ ವೈದ್ಯರು ಇಳಿಸೋಣ ಅಂದಾಗ ಆತುರ ಬೇಡ. ಒಂದು ವರ್ಷ ಅಥವಾ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ 10 ಅಥವಾ ಅದಕ್ಕಿಂತ ನಿಧಾನ ಎಂಬುದು 2022ರ ಸಿಡಿಸಿ ಸಲಹೆ. ದಿಢೀರ್ ನಿಲ್ಲಿಸಿದರೂ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎಂದು ಪ್ರಾಣಿಗಳಲ್ಲಿ ಕಂಡಿದ್ದಾರೆ. ಅಂದರೆ ಸೋಂಕಿನ ಭಯದಿಂದ ಮಾತ್ರೆ ಬಿಸಾಡಿದರೆ ಆ ಲಾಭವೂ ಸಿಗುವುದಿಲ್ಲ, ನೋವೂ ತಪ್ಪುವುದಿಲ್ಲ.

ಡೋಸ್ ತಪ್ಪಿದಾಗ ಬರುವ ಲಕ್ಷಣಗಳು ಫ್ಲೂ ತರಹವೇ ಇರುತ್ತವೆ: ಮೂಗು ಸೋರುವುದು, ಆಕಳಿಕೆ, ಬೆವರು, ಮೈಮೇಲೆ ಕೂದಲು ನಿಮಿರುವುದು, ಹೊಟ್ಟೆ ನುಲಿತ, ಭೇದಿ. ಕಣ್ಣಿನ ಪಾಪೆ ದೊಡ್ಡದಾಗಿರುತ್ತದೆ. ಬೇಗ ಕರಗುವ ಮಾತ್ರೆಗಳಾದರೆ ಕೊನೆಯ ಡೋಸಿನ 8ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಡೋಸ್ ತಪ್ಪಿದ್ದು ಕಂಡರೆ ಕಾರಣ ಅದಿರಬಹುದು. ಆದರೆ ಜ್ವರ 38 ದಾಟಿದರೆ ಡೋಸ್ ತಪ್ಪಿದ್ದಕ್ಕೇ ಹೀಗಾಯಿತೆಂದು ಸಮಾಧಾನ ಪಟ್ಟುಕೊಳ್ಳಬೇಡಿ.

ಕೊನೆಯದು: ಫೋನಿನಲ್ಲಿ ಏನು ಹೇಳಬೇಕು

ಮೊದಲ ಸಲ ನಾನು ಆಸ್ಪತ್ರೆಗೆ ಫೋನ್ ಮಾಡಿದಾಗ ‘ಊಟ ಮಾಡುತ್ತಿಲ್ಲ, ಮಲಗಿಯೇ ಇದ್ದಾರೆ’ ಅಂದಿದ್ದೆ. ಆ ಕಡೆಯವರು ನಾಳೆ ಕರೆತನ್ನಿ ಅಂದರು. ತಪ್ಪು ಅವರದಲ್ಲ, ನಾನು ಹೇಳಿದ್ದು ಅಷ್ಟೇ. ಎಂಟು ತಿಂಗಳ ನಂತರ ಮತ್ತೊಮ್ಮೆ ಹಾಗೇ ಆಯಿತು. ಆಗ ನೋಟ್‌ಬುಕ್ ತೆರೆದಿಟ್ಟುಕೊಂಡು ಹೀಗೆ ಓದಿದೆ: ‘ದಿನಕ್ಕೆ 60 ಮಿಲಿಗ್ರಾಂ ಮಾರ್ಫೀನ್ ಮೇಲಿದ್ದಾರೆ, ಎರಡು ತಿಂಗಳಿಂದ ಪ್ರಮಾಣ ಬದಲಾಗಿಲ್ಲ. ಪ್ಯಾರಸಿಟಮಾಲ್ ನಡೆಯುತ್ತಿದ್ದರೂ ಇವತ್ತು ಬೆಳಿಗ್ಗೆ ಡೋಸಿಗೆ ಮುಂಚೆ 37.6 ಇದೆ, ಮಾಮೂಲಿ 36.3. ಉಸಿರು 15 ಇರುತ್ತಿದ್ದದ್ದು 21 ಆಗಿದೆ. ನಿನ್ನೆ ರಾತ್ರಿ ಏನು ಉಂಡೆ ಅಂತ ಹೇಳಲು ಆಗಲಿಲ್ಲ.’ ಈಗಲೇ ಹೊರಟುಬನ್ನಿ ಅಂದರು. ಮೂತ್ರದ ಸೋಂಕು ರಕ್ತಕ್ಕೆ ಇಳಿಯುವ ಮೊದಲೇ ಸಿಕ್ಕಿತು. ಮೂರನೇ ದಿನ ಬೆಳಿಗ್ಗೆ ಎಚ್ಚರದ ಕಾಲಮ್ಮಿನಲ್ಲಿ ಮತ್ತೆ ಟಿಕ್ ಬಿತ್ತು.